ಮದ್ದು ಕಲಸುವ ಕೈಗೆ ಸಯನ್ಸ್ ಬೇಡವೇ?



ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಅರ್ಜಿ ಹಾಕ್ಲಿಕ್ಕೆ ಹೋದಾಗ ನಮ್ಮಲ್ಲಿ ಎಷ್ಟು ಜನ ಈ ಮಾತು ಕೇಳಿಲ್ಲ? "ಸಯನ್ಸಾ? ಅದೆಲ್ಲ ನಿಂಗೆ ಆಗ್ಲಿಕ್ಕಿಲ್ಲ ಮಾರಾಯ. ಮನೆಯಲ್ಲಿ ಹೇಳಿಕೊಡುವವರು ಯಾರುಂಟು? ಸುಮ್ಮನೆ ಆರ್ಟ್ಸ್ ತಕೊ." ಹೇಳುವವರು ಕೆಟ್ಟವರೇನಲ್ಲ, ಕರುಣೆಯಿಂದಲೇ ಹೇಳುತ್ತಾರೆ. ಆ ಕರುಣೆಯೇ ನಮಗೆ ದುಬಾರಿಯಾಗಿದೆ. ಆರ್ಟ್ಸ್ ಕೀಳೆಂದು ನಾವು ಹೇಳುತ್ತಿಲ್ಲ. ಇಷ್ಟಪಟ್ಟು ಓದುವವರು ಓದಲಿ. ಬೇರೆಯವರು ಆರಿಸಿ ಕೊಟ್ಟದ್ದನ್ನು ನಮ್ಮ ಆಸಕ್ತಿ ಎಂದು ಕರೆಯುವುದು ಮಾತ್ರ ಬೇಡ.

ಫಲಿತಾಂಶ ಬಂದಾಗಲೆಲ್ಲ ನಮ್ಮ ಜಿಲ್ಲೆ ರಾಜ್ಯದ ಮೇಲಿನ ಸಾಲಿನಲ್ಲಿರುತ್ತದೆ. ಮೂಡುಬಿದಿರೆಯ ಕಾಲೇಜುಗಳಲ್ಲಿ ಸಯನ್ಸ್ ಓದಲು ಘಟ್ಟದ ಮೇಲಿನಿಂದಲೂ ಮಕ್ಕಳು ಬರುತ್ತಾರೆ. ಬಂಟ್ವಾಳ, ಬೆಳ್ತಂಗಡಿಯ ಕಾಲನಿ ಹುಡುಗ ಆ ಬಸ್ಸನ್ನು ರಸ್ತೆ ಬದಿ ನಿಂತು ನೋಡುತ್ತಾನೆ. ಈಗ ಭಾಷಣಗಳಲ್ಲಿ ಒಂದು ಮಾತು ಶುರುವಾಗಿದೆ: ನಾಳೆಯ ಉದ್ಯೋಗವೆಲ್ಲ ವಿಜ್ಞಾನ, ಗಣಿತ ಬಲ್ಲವರಿಗೆ, ಆದ್ದರಿಂದ ಕಲಿಕೆ ಆಟದ ಹಾಗೆ ಖುಷಿಯಾಗಿರಬೇಕಂತೆ. ಒಪ್ಪಿದೆವು ಸ್ವಾಮಿ. ಆದರೆ ಯಾರ ಮಕ್ಕಳ ಆಟ?

ನಮ್ಮ ಅಪ್ಪಂದಿರ ಕೆಲಸವನ್ನೇ ತೆಗೆದುಕೊಳ್ಳಿ. ಮಳೆ ಹಿಡಿಯುವ ಮೊದಲು ಒಮ್ಮೆ, ಆಟಿಯಲ್ಲಿ ಬಿಸಿಲು ಕಂಡಾಗ ಇನ್ನೊಮ್ಮೆ ಅಡಿಕೆಗೆ ಮದ್ದು ಬಿಡಬೇಕು, ಇಲ್ಲದಿದ್ದರೆ ಕೊಳೆರೋಗ. ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಇದೇ ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋ ಊರಿನಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ ದ್ರಾಕ್ಷಿಯ ರೋಗಕ್ಕೆಂದು 1885ರಲ್ಲಿ ಪ್ರಕಟಿಸಿದ್ದು. ಮೈಸೂರು ಸರ್ಕಾರದ ಕೆಲಸದಲ್ಲಿದ್ದ ಕೋಲ್ಮನ್ 1910ರ ಹೊತ್ತಿಗೆ ಕೊಳೆರೋಗವನ್ನು ಅಭ್ಯಾಸ ಮಾಡಿ, ಇದನ್ನು ಅಡಿಕೆಗೆ ತಂದರು.

ಮದ್ದು ಹದವಾಯಿತೋ ಇಲ್ಲವೋ ಅಂತ ನೋಡುವುದು ಹೇಗೆ? ಅಪ್ಪ ಕತ್ತಿಯ ತುದಿಯನ್ನು ಡ್ರಮ್ಮಿಗೆ ಅದ್ದುತ್ತಾನೆ. ಸ್ವಲ್ಪ ಹೊತ್ತು ಬಿಟ್ಟು ತೆಗೆದಾಗ ಕತ್ತಿಗೆ ಕೆಂಪು ಕೂತಿದ್ದರೆ "ಸುಣ್ಣ ಸಾಲದು" ಎನ್ನುತ್ತಾನೆ. ಈಗ ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದ ಮೊದಲ ಪಾಠ ತೆಗೆಯಿರಿ. ತಾಮ್ರದ ಸಲ್ಫೇಟಿನ ನೀರಿಗೆ ಕಬ್ಬಿಣದ ಮೊಳೆ ಹಾಕಿದರೆ ಕಬ್ಬಿಣವು ತಾಮ್ರವನ್ನು ಹೊರದೂಡಿ ಅದರ ಜಾಗದಲ್ಲಿ ಕೂರುತ್ತದೆ, ಹೊರಬಿದ್ದ ತಾಮ್ರ ಮೊಳೆಗೆ ಅಂಟುತ್ತದೆ. ಹೆಸರು ಸ್ಥಾನಪಲ್ಲಟ ಕ್ರಿಯೆ. ಅಪ್ಪನ ಕತ್ತಿಗೆ ಹತ್ತಿದ್ದೂ ಅದೇ ತಾಮ್ರ! ಈ ಪಾಠವನ್ನು ನಾವು ಉರು ಹೊಡೆದು, ನಾಲ್ಕು ಮಾರ್ಕಿಗೆ ಬರೆದು ಮರೆತೆವು. "ನಿನ್ನ ಅಪ್ಪ ಮದ್ದು ಹೇಗೆ ನೋಡುತ್ತಾನೆ?" ಎಂದು ಕ್ಲಾಸಿನಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೂ ನಾವು ಹೇಳುತ್ತಿದ್ದೆವೋ ಇಲ್ಲವೋ. ಅಪ್ಪ ಕೂಲಿ ಎಂದು ಹೇಳ್ಲಿಕ್ಕೆ ನಾಚಿಕೆಯಾಗುವ ಹಾಗೆ ನಮ್ಮನ್ನು ಬೆಂಚಿನಲ್ಲಿ ಕೂರಿಸಿದ್ದರಲ್ಲ!

ಲೆಕ್ಕದ ಕತೆಯೂ ಇದೇ. ಬೀಡಿ ಕಟ್ಟುವ ಅಮ್ಮನಿಗೆ 25ರ ಕಟ್ಟು 40 ಆದರೆ ಸಾವಿರ. ಎರಡು ಕಟ್ಟು ಸರಿಯಿಲ್ಲವೆಂದು ಹಿಂದೆ ಬಂದರೆ "ನೂರಕ್ಕೆ ಐದು ಹೋಯಿತು" ಎಂದು ಅವಳು ನಿಂತಲ್ಲೇ ಹೇಳುತ್ತಾಳೆ. ಮಗ ಶೇಕಡಾ ಲೆಕ್ಕಕ್ಕೆ ಪೆನ್ನು ಕಚ್ಚುತ್ತಾನೆ.

ಹಾಗಂತ ಇದನ್ನು ನಿಮ್ಮ ಪರಂಪರೆಯ ಜ್ಞಾನ ಎಂದು ಹೊಗಳಿ ನಮ್ಮನ್ನು ಅಲ್ಲೇ ಕೂರಿಸುವ ಆಟಕ್ಕೆ ನಾವು ತಯಾರಿಲ್ಲ. ಮರ ಹತ್ತುವವನದ್ದು ಮರವಲ್ಲ. ಮದ್ದು ಬಿಡುವವನ ಕೈಗೆ ಗವಸಿಲ್ಲ, ಕಣ್ಣು ಉರಿಯುವುದು ಅವನದ್ದೇ. ಅವನ ಮಗಳು ಕೆಮಿಸ್ಟ್ರಿ ಓದಿ ಆ ಮದ್ದನ್ನು ಪರೀಕ್ಷಿಸುವ ಲ್ಯಾಬಿನಲ್ಲಿ ಕೂರಬೇಕು. ಕೆಲಸಗಾರರಾಗಿ ನಾವು ಎಂದಿನಿಂದಲೂ ಇದ್ದೇವೆ. ನಾಳೆಯ ಕೆಲಸಕ್ಕೂ ಬರೀ ಕೈ ಬೇಕೋ, ತಲೆಯೂ ಬೇಕೋ?

ಬಾಬಾಸಾಹೇಬರು ಇದನ್ನು 1942ರಲ್ಲೇ ಹಿಡಿದಿದ್ದರು. ವೈಸ್‌ರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ಕೊಟ್ಟ ಮನವಿಯಲ್ಲಿ, ಕಲೆ ಮತ್ತು ಕಾನೂನು ಓದಿದರೆ ಸಾಲದು, ನಮ್ಮ ಮಕ್ಕಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನದ ಉನ್ನತ ಶಿಕ್ಷಣ ಬೇಕು, ಅದಕ್ಕೆ ಸರ್ಕಾರ ದುಡ್ಡು ಇಡಬೇಕು ಎಂದು ವಾದಿಸಿದರು. ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ ಶುರುವಾದದ್ದು 1944ರಲ್ಲಿ. ನಾವಿಂದು ಸಹಿ ಹಾಕುವ ಸ್ಕಾಲರ್‌ಶಿಪ್ ಫಾರಮ್ಮಿನ ಮೂಲ ಅಲ್ಲುಂಟು. ಸ್ವತಃ ಅರ್ಥಶಾಸ್ತ್ರ, ಕಾನೂನು ಓದಿದವರು ಹೀಗೆ ಹೇಳಿದರು ಎಂಬುದನ್ನು ಗಮನಿಸಿ.

ಇನ್ನೊಂದು ಗೋಡೆ ಭಾಷೆಯದ್ದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಿಯು ಸಯನ್ಸಿನಲ್ಲಿ ಇಂಗ್ಲಿಷ್. ಘರ್ಷಣೆ ಎಂದು ಕಲಿತದ್ದು ಒಂದೇ ರಜೆಯಲ್ಲಿ ಫ್ರಿಕ್ಷನ್ ಆಗಿಬಿಡುತ್ತದೆ, ವೇಗೋತ್ಕರ್ಷ ಆಕ್ಸಿಲರೇಶನ್. ಮೊದಲ ಟೆಸ್ಟಿನಲ್ಲಿ ಬಿದ್ದವನು ಲೆಕ್ಕ ಬಾರದೆ ಬಿದ್ದದ್ದಲ್ಲ, ಪ್ರಶ್ನೆಯೇ ಅರ್ಥವಾಗದೆ ಬಿದ್ದದ್ದು. ಅವನಿಗೆ "ಆಗ್ಲೇ ಹೇಳಿದ್ದೆನಲ್ಲ" ಎನ್ನುವವರು ತಯಾರಾಗಿ ನಿಂತಿರುತ್ತಾರೆ.

ಹಾಸ್ಟೆಲಿನಲ್ಲಿ ಕೂತು ಇದೆಲ್ಲ ಆಗುವ ಮಾತಾ ಎಂದು ನಮ್ಮವರೇ ಕೇಳುವುದುಂಟು. ಢಾಕಾ ಹತ್ತಿರದ ಹಳ್ಳಿಯ ಸಣ್ಣ ಅಂಗಡಿಯವನ ಮಗ ಮೇಘನಾದ ಸಹಾ. ಕಲ್ಕತ್ತೆಯ ಹಾಸ್ಟೆಲಿನಲ್ಲಿ ಕೆಳಜಾತಿಯವನೆಂದು ಅವರನ್ನು ಊಟಕ್ಕೆ ಬೇರೆ ಕೂರಿಸಿದರು. ಅದೇ ಸಹಾ 1920ರಲ್ಲಿ ಬರೆದ ಸಮೀಕರಣದಿಂದ ಜಗತ್ತು ನಕ್ಷತ್ರಗಳ ಬೆಳಕಿನಲ್ಲಿ ಅವುಗಳ ಉಷ್ಣತೆಯನ್ನು ಓದಲು ಕಲಿಯಿತು. ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ದಾರಿಯ ಹತ್ತಿರವೇ ಪಿಲಿಕುಳದಲ್ಲಿ 2018ರಿಂದ ತಾರಾಲಯ ಉಂಟು. ಒಮ್ಮೆ ಹೋಗಿ ಬಾಯಿ ಬಿಟ್ಟು ನೋಡಿ ಬಂದರೆ ಸಾಲದು, ಸಹಾ ಅವರ ಕತೆಯನ್ನೂ ಹಾಸ್ಟೆಲಿಗೆ ತನ್ನಿ.

ನಾವು ಕೇಳುವುದು ದೊಡ್ಡದಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಪಿಯು ಶುರುವಾಗುವ ನಡುವೆ ನಮ್ಮ ಹಾಸ್ಟೆಲುಗಳಲ್ಲಿ ಇಂಗ್ಲಿಷ್ ಪಾರಿಭಾಷಿಕ ಪದಗಳ ತರಗತಿ ಸರ್ಕಾರದ ಖರ್ಚಿನಲ್ಲಿ ನಡೆಯಲಿ. ಶಾಲೆಯ ಲ್ಯಾಬಿನ ಬೀಗ ಇನ್‌ಸ್ಪೆಕ್ಟರು ಬರುವ ದಿನ ಮಾತ್ರ ತೆರೆಯುವುದು ನಿಲ್ಲಲಿ. ಮನವಿ ಬರೆಯೋಣ, ಸಹಿ ಹಾಕೋಣ, ಕೊಡದಿದ್ದರೆ ತಾಲೂಕು ಆಫೀಸಿನ ಎದುರು ಕೂರೋಣ. ಅಲ್ಲಿತನಕ ಕಾಯುವುದು ಬೇಡ. ಡಿಗ್ರಿ ಓದುವ ಅಣ್ಣಂದಿರು, ಅಕ್ಕಂದಿರು ಭಾನುವಾರ ಎರಡು ಗಂಟೆ ಕೊಡಿ. ಮೊದಲ ದಿನಕ್ಕೆ ಬೇಕಾದ್ದು ಒಂದು ಚಮಚ ಮೈಲುತುತ್ತು, ಒಂದು ಗಾಜಿನ ಲೋಟ, ಎರಡು ಕಬ್ಬಿಣದ ಮೊಳೆ. ತುತ್ತು ವಿಷ, ಆ ಲೋಟದಲ್ಲಿ ಆಮೇಲೆ ಯಾರೂ ನೀರು ಕುಡಿಯಬಾರದು.