ಅಭಾವ ಮಾತ್ರ ಕೃತಕವೇ?

ಕನ್ನಡ ಪತ್ರಿಕೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಕಣ್ಣಿಗೆ ಬೀಳುವ ಒಂದು ಜೋಡಿಪದವಿದೆ: ಕೃತಕ ಅಭಾವ. ಈರುಳ್ಳಿಗೂ ಅದೇ, ಗೊಬ್ಬರಕ್ಕೂ ಅದೇ, ಟೊಮೆಟೊಗೂ ಅದೇ. ಯಾರೋ ಎಲ್ಲೋ ಗೋದಾಮಿನ ಬಾಗಿಲು ಹಾಕಿಕೊಂಡು ಕೂತಿದ್ದಾರೆ, ಅದಕ್ಕೇ ನಮ್ಮ ಸಾರಿಗೆ ಹುಳಿ ಇಲ್ಲ ಎಂಬ ಅನುಮಾನ ಆ ಪದದೊಳಗೆ ಮೊದಲೇ ಕೂತಿರುತ್ತದೆ. ಸಾಹಿತ್ಯದಲ್ಲಿ ಪಿಎಚ್‌.ಡಿ. ಮಾಡುತ್ತಿರುವ ನನಗೆ ಪದಗಳನ್ನು ಅನುಮಾನಿಸುವುದೇ ಕಸುಬು. ಈ ಪದದ ಬಗ್ಗೆ ನನ್ನ ತಕರಾರು ಇಷ್ಟೇ: ಇದಕ್ಕೆ ಜೊತೆಯಾಗಬೇಕಿದ್ದ ಇನ್ನೊಂದು ಪದ ನಮ್ಮಲ್ಲಿ ಹುಟ್ಟಲೇ ಇಲ್ಲ. ಬೆಲೆ ಏರಿದಾಗ ‘ಕೃತಕ ಅಭಾವ’ ಎನ್ನುವ ನಾವು, ಬೆಲೆ ಬಿದ್ದಾಗ ‘ಕೃತಕ ಅಗ್ಗ’ ಎಂದದ್ದನ್ನು ನಾನು ಎಲ್ಲೂ ಓದಿಲ್ಲ.

2023ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಬೆಂಗಳೂರಿನಲ್ಲಿ ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿತು. ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿಗೂ ಮೇಲೆ ಹರಾಜಾಯಿತು. ಕೇಂದ್ರ ಸರ್ಕಾರ ಎನ್‌ಸಿಸಿಎಫ್ ಮತ್ತು ನಾಫೆಡ್ ಮೂಲಕ ಕರ್ನಾಟಕ, ಆಂಧ್ರ, ಮಹಾರಾಷ್ಟ್ರಗಳಲ್ಲಿ ಹಣ್ಣು ಕೊಂಡು ದೆಹಲಿಯಲ್ಲಿ 90 ರೂಪಾಯಿಗೆ ಮಾರಿತು. ಆಗಸ್ಟ್‌ನಲ್ಲಿ ನೇಪಾಳದಿಂದ ಆಮದು ಮಾಡಿಕೊಳ್ಳುವ ಮಾತೂ ಸಂಸತ್ತಿನಲ್ಲಿ ಬಂತು. ನಮ್ಮ ಹಾಸ್ಟೆಲಿನ ಅಡುಗೆಯವರು ಮೊದಲು ಹುಣಸೆಹಣ್ಣಿಗೆ ಹೋದರು, ಆಮೇಲೆ ಡಬ್ಬದ ಪ್ಯೂರಿ ತರಿಸಿದರು. ಎರಡೇ ವಾರದಲ್ಲಿ ಅಕ್ಕಪಕ್ಕದ ಅಂಗಡಿಗಳಲ್ಲಿ ಪ್ಯೂರಿಯೂ ಖಾಲಿ. ಅಂಗಡಿಯವನು ಒಳಗೆ ಬಚ್ಚಿಟ್ಟಿದ್ದಾನೆ ಎಂದರು ಕೆಲವರು. ಕಂಪನಿಯವರೇ ರೇಟು ಏರಲಿ ಅಂತ ತಡೆದಿದ್ದಾರೆ ಎಂದರು ಇನ್ನು ಕೆಲವರು. ‘ನಿಮ್ಮ ಕೋಲಾರದವರೇ ಕಣೇ ಅಡಗಿಸಿಟ್ಟಿರೋದು, ಎಲ್ಲಾ ಕೋಟ್ಯಧೀಶರಾಗ್ತಿದ್ದಾರೆ’ ಎಂದಳು ಜೊತೆಯಲ್ಲೇ ಓದುವ ಗೆಳತಿ. ನನ್ನ ಊರು ಮುಳಬಾಗಿಲು ತಾಲ್ಲೂಕಿನ ಕುರುಡುಮಲೆ ಎಂದು ಅವಳಿಗೆ ಗೊತ್ತು. ಆ ಜುಲೈನಲ್ಲಿ ನಮ್ಮಪ್ಪನ ಒಂದೂವರೆ ಎಕರೆಯಲ್ಲಿ ಒಂದು ಬಾಕ್ಸ್ ಹಣ್ಣೂ ಇರಲಿಲ್ಲ ಎಂಬುದು ಗೊತ್ತಿರಲಿಲ್ಲ.

ಟೊಮೆಟೊವನ್ನು ಅಡಗಿಸಿಡುವುದಾದರೂ ಹೇಗೆ? ಅದು ಅಡಿಕೆಯಲ್ಲ, ಮೆಣಸಲ್ಲ. ಗಿಡದಲ್ಲಿ ಬಿಟ್ಟರೆ ಕೊಳೆಯುತ್ತದೆ, ಬಿಡಿಸಿಟ್ಟರೆ ಕೆಲವೇ ದಿನಕ್ಕೆ ಮೆತ್ತಗಾಗುತ್ತದೆ. ಬೆಳಿಗ್ಗೆ ಬಿಡಿಸಿದ್ದು ಅಂದೇ ಎನ್.ವಡ್ಡಹಳ್ಳಿಯ ಮಾರುಕಟ್ಟೆಗೋ ಕೋಲಾರದ ಮಂಡಿಗೋ ಹೋಗಬೇಕು, ಅಲ್ಲಿಂದ ಲಾರಿ ಹತ್ತಬೇಕು. ಈ ಹಣ್ಣನ್ನು ತಿಂಗಳುಗಟ್ಟಲೆ ಕೂಡಿಡಲು ಇರುವ ಒಳ್ಳೆಯ ದಾರಿ ಎಂದರೆ ಅದನ್ನು ಕುದಿಸಿ, ಗಟ್ಟಿ ಮಾಡಿ, ಡಬ್ಬಕ್ಕೆ ತುಂಬಿ ಮುಚ್ಚುವುದು. ಅನುಮಾನ ಪಡಲೇಬೇಕೆಂದರೆ ಆ ಡಬ್ಬದಿಂದ ಶುರು ಮಾಡೋಣ.

ಆಹಾರ ಸುರಕ್ಷತೆಯ ನಿಯಮದ ಪ್ರಕಾರ ಟೊಮೆಟೊ ಪ್ಯೂರಿಯಲ್ಲಿ ನೀರು ಬಿಟ್ಟು ಉಳಿಯುವ ಕರಗಿದ ಅಂಶ ಕನಿಷ್ಠ ಶೇ 9 ಇರಬೇಕು. ನಮ್ಮ ಕಡೆಯ ಹಣ್ಣಿನಲ್ಲಿ ಅದು ಶೇ 4–5. ಅಂದರೆ ಒಂದು ಕೆ.ಜಿ. ಪ್ಯೂರಿಗೆ ಸುಮಾರು ಎರಡು ಕೆ.ಜಿ. ಹಣ್ಣು ಬೇಕು, ಗಟ್ಟಿ ಪೇಸ್ಟ್ ಆದರೆ ಐದಾರು ಕೆ.ಜಿ. ಹಣ್ಣು ನೂರು ರೂಪಾಯಿ ಇರುವಾಗ ಯಾವ ಕಾರ್ಖಾನೆಯೂ ಒಲೆ ಹಚ್ಚುವುದಿಲ್ಲ. ಹಣ್ಣು ನೆಲಕಚ್ಚಿದಾಗ ತುಂಬಿಟ್ಟದ್ದನ್ನೇ ಅವರು ವರ್ಷವಿಡೀ ಮಾರಬೇಕು. ನಾವು ಜುಲೈನಲ್ಲಿ ಕಂಡ ಖಾಲಿ ಕಪಾಟು ಬೇಸಿಗೆಯಲ್ಲೇ ತೀರ್ಮಾನವಾಗಿತ್ತು.

ಆ ಬೇಸಿಗೆಯಲ್ಲಿ ನಡೆದದ್ದೇನು? ಬೆಲೆ ಕುಸಿದು ಮಹಾರಾಷ್ಟ್ರದ ರೈತರು ಟೊಮೆಟೊವನ್ನು ರಸ್ತೆಗೆ ಸುರಿದರು. ಬಿಡಿಸುವ ಕೂಲಿಯೂ ಹುಟ್ಟುವುದಿಲ್ಲವೆಂದು ನಮ್ಮಪ್ಪ ಹಣ್ಣನ್ನು ಗಿಡದಲ್ಲೇ ಬಿಟ್ಟರು. ನಾಟಿ ಮಾಡಿದ ಎರಡು ಎರಡೂವರೆ ತಿಂಗಳಿಗೆ ಫಸಲು ಬರುವ ಬೆಳೆ ಇದು. ನಾರು, ಕಡ್ಡಿ, ದಾರ, ಔಷಧಿಗೆ ಹಾಕಿದ ಸಾಲ ತೀರದವರು ಮತ್ತೆ ನಾಟಿ ಮಾಡಲಿಲ್ಲ. ಧೈರ್ಯ ಮಾಡಿ ಹಾಕಿದವರ ತೋಟಕ್ಕೆ ಬಿಳಿನೊಣ ಬಂತು, ಅದರ ಹಿಂದೆಯೇ ಎಲೆ ಮುದುರುವ ಬಿಂಗಿ ರೋಗ. ಹೀಗೆ ಬೇಸಿಗೆಯ ಅಗ್ಗವೇ ಮಳೆಗಾಲದ ಅಭಾವವನ್ನು ಹೆತ್ತಿತು. ಮಗುವನ್ನು ಮಾತ್ರ ‘ಕೃತಕ’ ಎನ್ನುವವರು ತಾಯಿಯನ್ನು ‘ಸಹಜ’ ಎಂದು ಬಿಟ್ಟುಬಿಡುವುದು ಯಾವ ನ್ಯಾಯ?

ಕೋಲಾರದ್ದು ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದು ಎಂದು ಎದೆ ತಟ್ಟಿಕೊಳ್ಳುತ್ತೇವೆ. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ಸರ್ಕಾರವೇ ಈ ಜಿಲ್ಲೆಗೆ ಟೊಮೆಟೊ ಎಂದು ಹೆಸರು ಬರೆದಿದೆ. ಟೊಮೆಟೊ, ಈರುಳ್ಳಿ, ಆಲೂಗಡ್ಡೆಗಾಗಿ ‘ಆಪರೇಷನ್ ಗ್ರೀನ್ಸ್’ ಎಂದು 2018–19ರ ಕೇಂದ್ರ ಬಜೆಟ್‌ನಲ್ಲಿ 500 ಕೋಟಿ ರೂಪಾಯಿ ಘೋಷಣೆಯಾಯಿತು. ಆಹಾರ ಸಂಸ್ಕರಣೆಯ ವಿದ್ಯೆಗೆಂದೇ ಮೈಸೂರಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಇದೆ. ವಿದ್ಯೆಗೂ ಕೊರತೆಯಿಲ್ಲ, ಘೋಷಣೆಗೂ ಇಲ್ಲ. ಆದರೂ ಬೆಲೆ ಬಿದ್ದ ದಿನ ವಡ್ಡಹಳ್ಳಿಯಿಂದ ವಾಪಸು ಬರುವ ರೈತನಿಗೆ ಲಾರಿ ಬಿಟ್ಟರೆ ಇನ್ನೊಬ್ಬ ಗಿರಾಕಿ ಇಲ್ಲ.

ಇದಕ್ಕೊಂದು ಸಿದ್ಧ ಉತ್ತರವಿದೆ: ‘ನಿಮ್ಮ ತಳಿ ಡಬ್ಬಕ್ಕೆ ಆಗುವುದಿಲ್ಲ, ನೀರು ಜಾಸ್ತಿ, ಬಣ್ಣ ಕಡಿಮೆ.’ ಮಾತು ಸುಳ್ಳಲ್ಲ. ನಮ್ಮವರು ಬೆಳೆಯುವುದು ದೂರದ ಊರಿಗೆ ಲಾರಿಯಲ್ಲಿ ಹೋದರೂ ಒಡೆಯದ ದಪ್ಪ ಸಿಪ್ಪೆಯ ಹೈಬ್ರಿಡ್. ಆದರೆ ಕೊಳ್ಳುವವನು ಲಾರಿಯವನೊಬ್ಬನೇ ಆದಾಗ ರೈತ ಬೇರೆ ಯಾವ ಬೀಜ ಹಾಕಬೇಕಿತ್ತು? ರಾಗಿಯಿಂದ ರೇಷ್ಮೆಗೆ, ರೇಷ್ಮೆಯಿಂದ ಟೊಮೆಟೊಗೆ ಬದಲಾದ ಜನ ಇನ್ನೊಂದು ತಳಿಗೆ ಬದಲಾಗಲಾರರೇ? ನಾಟಿಗೆ ಮುಂಚೆ ಬೆಲೆ ಹೇಳಿ, ಹೇಳಿದ ಬೆಲೆಗೆ ಕೊಳ್ಳುವವರು ಬೇಕು ಅಷ್ಟೆ. ಅದನ್ನು ಬಿಟ್ಟು ನಮ್ಮ ದೇಶ ಚೀನಾದಿಂದ ಟೊಮೆಟೊ ಪೇಸ್ಟ್ ತರಿಸಿಕೊಂಡದ್ದೂ ಉಂಟು.

ಹಾಗಂತ ಕಾರ್ಖಾನೆಯೊಂದು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ನಂಬಿಲ್ಲ. ಪಕ್ಕದ ಶ್ರೀನಿವಾಸಪುರದ ಮಾವನ್ನು ನೋಡಿ. ತೋತಾಪುರಿ ಮುಖ್ಯವಾಗಿ ತಿರುಳಿಗೆ ಹೋಗುವ ಹಣ್ಣು. ಅದನ್ನು ಹಿಂಡಿ ಡಬ್ಬಕ್ಕೂ ಡ್ರಮ್ಮಿಗೂ ತುಂಬುವ ಕಾರ್ಖಾನೆಗಳು ಗಡಿಯಾಚೆ ಚಿತ್ತೂರಿನಲ್ಲಿವೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ಬಾಗಿಲು ಹಾಕಿತು. ಶ್ರೀನಿವಾಸಪುರ ಬಂದ್ ಆಯಿತು, ನಮ್ಮ ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು, ಕೊನೆಗೆ 2.5 ಲಕ್ಷ ಟನ್‌ವರೆಗಿನ ಮಾವಿಗೆ ಬೆಲೆ ವ್ಯತ್ಯಾಸ ತುಂಬಿಕೊಡಲು ಕೇಂದ್ರ ಒಪ್ಪಿತು. ಇತ್ತ ಕಾರ್ಖಾನೆ ಮನೆ ಬಾಗಿಲಲ್ಲೇ ಇರುವ ಚಿತ್ತೂರಿನ ರೈತನ ಪಾಡೇನು? ಅವನಿಗೂ ಕೆ.ಜಿ.ಗೆ 12 ರೂಪಾಯಿ ಸಿಗಲೆಂದು ಕಾರ್ಖಾನೆ 8, ಸರ್ಕಾರ 4 ಎಂದು ಆಂಧ್ರ ಸರ್ಕಾರವೇ ಕಟ್ಟುಮಾಡಬೇಕಾಯಿತು. ಆ ಜೂನ್‌ನಲ್ಲಿ ನನ್ನ ಕಣ್ಣಿಗೆ ಬಿದ್ದ ಯಾವ ಮಾವಿನ ಪಾನೀಯದ ಬಾಟಲಿಯೂ ಒಂದು ರೂಪಾಯಿ ಅಗ್ಗವಾಗಲಿಲ್ಲ. ‘ಹಣ್ಣು ಇಷ್ಟು ಸೋವಿಯಾದರೂ ಬಾಟಲಿ ಯಾಕೆ ಇಳಿಯಲಿಲ್ಲ?’ ಎಂದು ಹಾಸ್ಟೆಲಿನಲ್ಲಿ ಯಾರೂ ಕೇಳಲಿಲ್ಲ. ಆಗ ಯಾರಿಗೂ ಸಂಶಯ ಬರಲಿಲ್ಲ.

ಮಂಡಿಯಲ್ಲಿರುವವರೆಲ್ಲ ಸಾಚಾ ಎಂದು ವಾದಿಸಲು ನಾನು ಕೂತಿಲ್ಲ. ಕಮಿಷನ್ ಕೊಡಬೇಕಾದವನು ಕೊಳ್ಳುವವನು ಎನ್ನುತ್ತದೆ ಕಾನೂನು. ನಮ್ಮ ಮನೆಗೆ ಬಂದ ಚೀಟಿಗಳಲ್ಲಿ ಅದು ನಮ್ಮಪ್ಪನ ಲೆಕ್ಕದಿಂದಲೇ ಕಳೆದಿದ್ದನ್ನು ನೋಡಿದ್ದೇನೆ. ಅಲ್ಲಿ ಅನುಮಾನಕ್ಕೆ ಬೇಕಾದಷ್ಟು ಜಾಗವಿದೆ. ಆದರೆ ನಮ್ಮ ಸಂಶಯ ಎಚ್ಚರಗೊಳ್ಳುವುದು ನಮ್ಮ ಜೇಬು ಸುಟ್ಟಾಗ ಮಾತ್ರ. ಇನ್ನೊಬ್ಬರ ಜೇಬು ಸುಡುವಾಗ ಅದಕ್ಕೆ ‘ಮಾರುಕಟ್ಟೆಯ ಏರಿಳಿತ’ ಎಂಬ ತಣ್ಣನೆಯ ಹೆಸರು ಕೊಟ್ಟು ಮಲಗುತ್ತದೆ.

ಕುರುಡುಮಲೆ ಎಂದರೆ ಕುರುಡರ ಬೆಟ್ಟವಲ್ಲ. ಅದು ಕೂಡುಮಲೆ, ತ್ರಿಮೂರ್ತಿಗಳು ಕೂಡಿದ ಜಾಗ ಎಂದು ನಮ್ಮಲ್ಲಿ ಹೇಳುತ್ತಾರೆ. ಹೊಸ ಕೆಲಸಕ್ಕೆ ಮುನ್ನ ಇಲ್ಲಿನ ಗಣಪನಿಗೆ ಕೈ ಮುಗಿಯುವುದು ವಾಡಿಕೆ. 2022ರ ನವೆಂಬರ್‌ನಲ್ಲಿ ಜೆಡಿಎಸ್‌ನ ಪಂಚರತ್ನ ಯಾತ್ರೆಯವರು, 2023ರ ಫೆಬ್ರುವರಿಯಲ್ಲಿ ಕಾಂಗ್ರೆಸ್‌ನ ಪ್ರಜಾಧ್ವನಿ ಯಾತ್ರೆಯವರು ಇಲ್ಲೇ ಪೂಜೆ ಮಾಡಿಸಿ ಹೊರಟರು. ಎರಡೂ ಮೆರವಣಿಗೆ ಹೋದದ್ದು ಟೊಮೆಟೊ ಬೆಳೆಯುವ ನೆಲದ ಮೇಲೆಯೇ. ನಮ್ಮಪ್ಪನ ಹಣ್ಣು ಗಿಡದಲ್ಲೇ ಕೊಳೆತದ್ದು ಅದೇ ವರ್ಷ.

ಓದುವ, ಬರೆಯುವ ಗೆಳೆಯರಲ್ಲಿ ನನ್ನ ಕೋರಿಕೆ ಸಣ್ಣದು. ಮುಂದಿನ ಸಲ ಡಬ್ಬ ಕೈಗೆ ಬಂದಾಗ ತಿರುಗಿಸಿ ಓದಿ. ಯಾವುದು ಹೆಚ್ಚು ಹಾಕಿದ್ದಾರೋ ಅದನ್ನು ಮೊದಲು ಬರೆಯಬೇಕೆಂಬ ನಿಯಮವಿದೆ. ಸಕ್ಕರೆ ಎಲ್ಲಿದೆ, ಹಣ್ಣು ಎಲ್ಲಿದೆ ನೋಡಿ. ತಯಾರಾದ ತಿಂಗಳು ನೋಡಿ, ಊರು ನೋಡಿ. ಈ ಬೇಸಿಗೆಯಲ್ಲಿ ಕೋಲಾರದ ಎಷ್ಟು ಟನ್ ಟೊಮೆಟೊ ಡಬ್ಬಕ್ಕೆ ಹೋಯಿತು, ಯಾವ ಬೆಲೆಗೆ ಹೋಯಿತು, ಆ ಬೆಲೆಯನ್ನು ನಾಟಿಗೆ ಮುಂಚೆ ಹೇಳಿದ್ದರೇ ಎಂದು ಸರ್ಕಾರವನ್ನು ಕೇಳಿ. ಬೆಲೆ ಏರಿದ ಮೇಲೆ ಕೇಳಿ ಪ್ರಯೋಜನವಿಲ್ಲ. ಏಪ್ರಿಲ್‌ನಲ್ಲಿ, ಕೆ.ಜಿ. ಐದು ರೂಪಾಯಿಗೆ ತಂದು ಗೊಜ್ಜು ಮಾಡಿ ಉಣ್ಣುತ್ತಿರುವಾಗಲೇ ಕೇಳಿ.