ಹಳ್ಳ ಇಳಿಯುವವರೆಗೆ ಕೂಸು ಕಾಯದು

ಕಾಡು, ನೀರು, ಮಣ್ಣುಗಳ ಉಳಿವಿಗಾಗಿ ದನಿಯೆತ್ತುವ ನಾವು ನಮ್ಮೂರಿನ ಹಸುಗೂಸುಗಳ ಉಳಿವಿನ ಬಗ್ಗೆ ಅಷ್ಟಾಗಿ ಮಾತನಾಡುವುದಿಲ್ಲ. ಅದು ವೈದ್ಯರ ಕೆಲಸವೆಂದು ಬಿಟ್ಟಿದ್ದೇವೆ. ಆದರೆ ಆಷಾಢದ ಮಳೆಯಲ್ಲಿ ಕಾಲುಸಂಕ ಮುಳುಗಿ, ಧರೆ ಕುಸಿದು ದಾರಿ ಕಟ್ಟಿದಾಗ, ಒಂಟಿಮನೆಯ ಬಾಣಂತಿಗೆ ಆ ವೈದ್ಯರು ಎಲ್ಲಿ ಸಿಗಬೇಕು?

ಎಳೆಗೂಸಿನ ಸೋಂಕು ದೊಡ್ಡವರ ಕಾಯಿಲೆಯಂತಲ್ಲ. ಹುಟ್ಟಿದ ಮೊದಲ 28 ದಿನಗಳಲ್ಲಿ ರೋಗನಿರೋಧಕ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಹೊಕ್ಕುಳಿನಿಂದಲೋ ಚರ್ಮದಿಂದಲೋ ಒಳಹೊಕ್ಕ ರೋಗಾಣು ರಕ್ತ ಸೇರಿದರೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗಬಲ್ಲದು. ಜ್ವರವೇ ಬರಬೇಕೆಂದಿಲ್ಲ, ಮೈ ತಣ್ಣಗಾಗುವುದೂ ಸೋಂಕಿನ ಲಕ್ಷಣವೇ. ಮೊಲೆ ಚೀಪದಿರುವುದು, ಅಳು ಕ್ಷೀಣಿಸುವುದು, ಮಂಕು ಕವಿಯುವುದು, ಉಸಿರಾಟ ನಿಮಿಷಕ್ಕೆ 60 ಅಥವಾ ಅದಕ್ಕೂ ಹೆಚ್ಚಾಗುವುದು, ಉಸಿರೆಳೆಯುವಾಗ ಎದೆಗೂಡು ಒಳಗೆ ಸೆಳೆಯುವುದು, ಹೊಕ್ಕುಳಿನಲ್ಲಿ ಕೀವಾಗುವುದು – ಇವುಗಳಲ್ಲಿ ಒಂದು ಕಂಡರೂ ದೃಷ್ಟಿ ತೆಗೆಯುತ್ತಾ ಬೆಳಗಿನವರೆಗೆ ಕೂರಬಾರದು. ಹೊಕ್ಕುಳಿಗೆ ಬೂದಿ, ಎಣ್ಣೆ, ಅರಿಸಿನ ಹಚ್ಚದೆ ಒಣಗಲು ಬಿಡಬೇಕು. ಮೊದಲ ಹಳದಿ ಹಾಲನ್ನು ಚೆಲ್ಲದೆ ಕುಡಿಸಬೇಕು. ರೋಗವನ್ನು ತಡೆಯುವ ಸತ್ವ ಅದರಲ್ಲಿದೆ.

ಇದು ಹಳ್ಳಿಯಲ್ಲಿಯೇ ಸಾಧ್ಯವೆಂಬುದನ್ನು ಮಹಾರಾಷ್ಟ್ರದ ಕಾಡುಜಿಲ್ಲೆ ಗಡಚಿರೋಲಿ ತೋರಿಸಿಕೊಟ್ಟಿದೆ. ಅಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ 39 ಹಳ್ಳಿಗಳಲ್ಲಿ ಊರಿನ ಹೆಣ್ಣುಮಕ್ಕಳಿಗೇ ತರಬೇತಿ ನೀಡಿದರು. ಕೂಸನ್ನು ತೂಗುವುದು, ಬೆಚ್ಚಗಿಡುವುದು, ಸೋಂಕನ್ನು ಗುರುತಿಸುವುದು, ಆಸ್ಪತ್ರೆ ದೂರವಾದಲ್ಲಿ ಆಂಟಿಬಯಾಟಿಕ್ ಚುಚ್ಚುಮದ್ದು ಕೊಡುವುದು – ಎಲ್ಲವನ್ನೂ ಅವರು ಕಲಿತರು. 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ವರದಿಯಂತೆ, ಈ ಸೇವೆಯಿಲ್ಲದ ಹಳ್ಳಿಗಳಿಗೆ ಹೋಲಿಸಿದರೆ ನವಜಾತ ಶಿಶುಮರಣ ಶೇ. 62ರಷ್ಟು ತಗ್ಗಿತು. ಆಶಾ ಕಾರ್ಯಕರ್ತೆಯರು ಎಳೆಗೂಸಿನ ಮನೆಗೆ ಭೇಟಿ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2011ರಲ್ಲಿ ಜಾರಿಗೆ ತಂದಿತು. ಆಸ್ಪತ್ರೆಯ ಹೆರಿಗೆಯಾದರೆ 42 ದಿನಗಳಲ್ಲಿ 6 ಭೇಟಿ, ಮನೆಯ ಹೆರಿಗೆಯಾದರೆ 7.

ಕಾಗದದ ಮೇಲಿನ ಈ ಭೇಟಿ ಹಳ್ಳದಾಚೆಯ ಮನೆಗೂ ತಲುಪಬೇಕಾದರೆ ಕಾಲುಸಂಕ ಗಟ್ಟಿಯಿರಬೇಕು, ಆಕೆಯ ಚೀಲದಲ್ಲಿ ಥರ್ಮಾಮೀಟರ್ ಮತ್ತು ತಕ್ಕಡಿ ಇರಬೇಕು, ಗೌರವಧನ ಸಕಾಲಕ್ಕೆ ಸಿಗಬೇಕು. ಮಳೆ ಹಿಡಿಯುವ ಮುನ್ನ ನಡೆಯುವ ಗ್ರಾಮಸಭೆಯಲ್ಲಿ, ಮಳೆಗಾಲದಲ್ಲಿ ಹೆರಿಗೆಯಾಗಲಿರುವ ಮನೆಗಳ ಪಟ್ಟಿ ಮಾಡಿ, ರಾತ್ರಿ ಯಾರ ಜೀಪು ಹೊರಡಬೇಕೆಂಬುದನ್ನು ಈಗಲೇ ಗೊತ್ತುಮಾಡೋಣ. ಮರಗಳ ಲೆಕ್ಕವಿಡಲು ಕಲಿತ ಯುವಮಿತ್ರರು ಈ ಲೆಕ್ಕವನ್ನೂ ಇಡಲಿ.