ಯಂತ್ರಗುರುವಿನ ನಡುದಾರಿ

ಶಾಲಾಮಕ್ಕಳಿಗಾಗಿ ಕೃತಕ ಬುದ್ಧಿಮತ್ತೆಯ ಕಲಿಕಾ ಸಾಧನಗಳನ್ನು ರೂಪಿಸುವವರು ಇಂದು 'ಭಿನ್ನ ದೃಷ್ಟಿಕೋನ'ಗಳ ಮಂತ್ರವನ್ನು ಜಪಿಸುತ್ತಿದ್ದಾರೆ. ಮಂತ್ರವೇನೋ ಒಳ್ಳೆಯದೇ. ಆದರೆ 'ಕರ್ನಾಟಕ ಹೀಗೆನ್ನುತ್ತದೆ, ತಮಿಳುನಾಡು ಹಾಗೆನ್ನುತ್ತದೆ' ಎಂದು ಎರಡು ಸಾಲು ಒಪ್ಪಿಸಿ ಕೈತೊಳೆದುಕೊಳ್ಳುವುದು ವೈವಿಧ್ಯವಲ್ಲ. ಅದು ಜಾಣ ಪಲಾಯನ.

ಕಾವೇರಿಯನ್ನೇ ನೋಡಿ. 2007ರಲ್ಲಿ ನ್ಯಾಯಮಂಡಳಿಯು ಕರ್ನಾಟಕಕ್ಕೆ 270, ತಮಿಳುನಾಡಿಗೆ 419 ಟಿಎಂಸಿ ನೀರನ್ನು ಹಂಚಿತ್ತು. 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು 14.75 ಟಿಎಂಸಿಯಷ್ಟು ಹೆಚ್ಚಿಸಿತು. ಅದರಲ್ಲಿ 10 ಟಿಎಂಸಿ ದೊರೆತದ್ದು ತಮಿಳುನಾಡಿನ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದದ್ದರಿಂದ, ಉಳಿದ 4.75 ಬೆಂಗಳೂರಿನ ಕುಡಿಯುವ ನೀರಿನ ಅಗತ್ಯವನ್ನು ಮನ್ನಿಸಿದ್ದರಿಂದ. ಆದರೆ 1892 ಹಾಗೂ 1924ರ ಒಪ್ಪಂದಗಳು ಅಸಿಂಧುವೆಂಬ ಕರ್ನಾಟಕದ ವಾದವನ್ನು ಅದೇ ತೀರ್ಪು ತಳ್ಳಿಹಾಕಿತು. ಎರಡೂ ರಾಜ್ಯಗಳ ಘೋಷಣೆಗಳಲ್ಲಿ ಕಾಣದ ಈ ಸೂಕ್ಷ್ಮಗಳೇ ವಿದ್ಯೆ. ಯಾವುದು ವಾದ, ಯಾವುದು ಪುರಾವೆ, ಯಾವುದು ತೀರ್ಪು ಎಂದು ಬೇರ್ಪಡಿಸಿ ತೋರಿಸದ ಯಂತ್ರವು ಮಗುವಿಗೆ ಕಲಿಸುವುದು ಗೊಂದಲವನ್ನಷ್ಟೆ.

'ಯಂತ್ರ ನಮ್ಮ ಪಕ್ಷವನ್ನೇ ಹೇಳಲಿ' ಎನ್ನುವ ಅಭಿಮಾನಿಗಳೂ ನಮ್ಮಲ್ಲಿ ಉಂಟು. ಹಾಗಾದರೆ ಚೆನ್ನೈಯ ಯಂತ್ರ ಅವರ ಪಕ್ಷವನ್ನಷ್ಟೇ ಹೇಳಿದಾಗ ಆಕ್ಷೇಪಿಸಲು ನಮಗೆ ಬಾಯಿ ಎಲ್ಲಿಯದು? ಏಕಪಕ್ಷೀಯ ಮಾತು ಜನರನ್ನು ಕೆರಳಿಸಿದಾಗ ಮೊದಲು ನಲುಗುವವರು ನೆರೆನಾಡಿನಲ್ಲಿ ನೆಲೆಸಿದವರು. 1991ರ ಡಿಸೆಂಬರಿನಲ್ಲಿ ಬೆಂಗಳೂರಿನ ತಮಿಳರು ಕಂಡದ್ದು ಅದನ್ನೇ. ಹೊರನಾಡಿಗರಾದ ನಾವು ಇದನ್ನು ಮರೆಯಲಾಗದು. ನಮ್ಮ ಮಕ್ಕಳಿಗೆ ಬೇಕಾದವನು ನಮ್ಮ ವಕೀಲನಲ್ಲ, ನಡುದಾರಿಯ ಮೌನಿಯೂ ಅಲ್ಲ. ಪುರಾವೆಗಳ ಕಡತವನ್ನು ಬಿಚ್ಚಿಟ್ಟು ಓದಿಸುವ ಗುರು.